ಧಾರವಾಡ ಸೀಮೆಯಲ್ಲಿ ಇಂಗ್ಲಿಷ್ ಸಾಹಿತ್ಯದ ವ್ಯಾಸಂಗ

ಇಂಗ್ಲಿಷ್ ಸಾಹಿತ್ಯವನ್ನು ಕಾಲೇಜಿನಲ್ಲಿ ಓದಿದವನು ಇಂಗ್ಲಿಷಿನಲ್ಲಿಯೇ ಬರೆಯುವವನಾಗಬೇಕೆಂದು ಮೇಲುನೋಟಕ್ಕೆ ತೋರುವುದು ಸಹಜ. ಧಾರವಾಡ ಸೀಮೆಯ ಚರಿತ್ರೆ ಹೇಳುವುದು ಬೇರೆಯ ಮಾತನ್ನು. ಅಲ್ಲಿ ಇಂಗ್ಲಿಷನ್ನು ಶ್ರದ್ಧೆಯಿಂದ ಓದಿದ ಹಲವರು ಕನ್ನಡದಲ್ಲಿ ಬರೆದರು. ಇಂಗ್ಲಿಷಿನ ಅಧ್ಯಾಪಕರಾಗಿ ಸಂಬಳ ಪಡೆದವರೇ ಕನ್ನಡದ ಹಕ್ಕಿಗಾಗಿ ವಾದ ಹೂಡಿದರು. ಇದು ಹೇಗಾಯಿತು, ಇದಕ್ಕಾಗಿ ಬೆಲೆ ತೆತ್ತವರು ಯಾರು ಎಂಬುದನ್ನು ನಾವು ಈ ಹೊತ್ತು ಕೊಂಚ ವಿಚಾರಿಸೋಣ.

ಕಾಲೇಜು ಬರುವುದಕ್ಕೆ ಬಹು ಮುಂಚೆಯೇ, 1871ರಲ್ಲಿ, ವಿದ್ಯಾ ಇಲಾಖೆಯ ಡೆಪ್ಯೂಟಿ ಚನ್ನಬಸಪ್ಪನವರು ಷೇಕ್ಸ್‌ಪಿಯರನ ಪ್ರಹಸನವೊಂದನ್ನು ‘ನಗದವರನ್ನು ನಗಿಸುವ ಕಥೆ’ ಎಂದು ಕನ್ನಡಕ್ಕೆ ತಂದಿದ್ದರು. ಆದರೆ ಪದವಿಯ ಓದು ಬೇಕೆಂದವರಿಗೆ ಆ ಸೀಮೆಯಲ್ಲಿ ಎಡೆಯಿರಲಿಲ್ಲ. 1857ರಲ್ಲಿ ಸ್ಥಾಪಿತವಾದ ಮುಂಬಯಿ ವಿಶ್ವವಿದ್ಯಾನಿಲಯದ ಪದವಿಗಾಗಿ ಬಹುಮಂದಿ ಪುಣೆಗೆ ಹೋಗಬೇಕಾಗಿದ್ದಿತು. ನವಲಗುಂದದ ಎರೆಭೂಮಿಯಿಂದ ಮಳೆಗಾಲದಲ್ಲಿ ಅಣ್ಣಿಗೇರಿಯ ರೈಲು ನಿಲ್ದಾಣವನ್ನು ಮುಟ್ಟುವುದೇ ಒಂದು ಪ್ರಯಾಣ. ಕಲಘಟಗಿಗೆ ರೈಲೇ ಇಲ್ಲ. ಕುಂದಗೋಳಕ್ಕೆ ರೈಲು ಉಂಟಾದರೂ ಆ ಊರು 1948ರವರೆಗೆ ಜಮಖಂಡಿ ಸಂಸ್ಥಾನಕ್ಕೆ ಸೇರಿದ್ದಿತು; ಅಲ್ಲಿಯ ದರ್ಬಾರಿನ ಭಾಷೆ ಮರಾಠಿ. ಹೀಗೆ ಹೊರಟ ಹುಡುಗನಿಗೆ ತರಗತಿಯಲ್ಲಿ ಇಂಗ್ಲಿಷು, ಬೀದಿಯಲ್ಲಿ ಮರಾಠಿ. ಕನ್ನಡವೆಂಬುದು ಬಿಡಾರದ ಗೆಳೆಯರೊಡನೆ ಆಡುವ ಮಾತಷ್ಟೆ. ಬೇಂದ್ರೆಯವರು 1918ರಲ್ಲಿ ಪುಣೆಯ ಫರ್ಗ್ಯುಸನ್ ಕಾಲೇಜಿನಿಂದ ಪದವೀಧರರಾದರು. ಎರಡು ಪರಭಾಷೆಗಳ ನಡುವೆ ನಿಂತವರಿಗೆ ತಮ್ಮ ನುಡಿಯ ಹಸಿವು ಹೆಚ್ಚಿದುದರಲ್ಲಿ ಆಶ್ಚರ್ಯವಿಲ್ಲ.

ಈ ಹಸಿವಿಗೆ ಮಾತು ಕೊಟ್ಟವರಲ್ಲಿ ಒಬ್ಬರು ಮೈಸೂರಿನವರೆಂಬುದು ನಮಗೆ ಸಂತೋಷದ ವಿಷಯ. 1911ರಲ್ಲಿ ಧಾರವಾಡದ ಕರ್ನಾಟಕ ವಿದ್ಯಾವರ್ಧಕ ಸಂಘದಲ್ಲಿ ಬಿ. ಎಂ. ಶ್ರೀಕಂಠಯ್ಯನವರು ‘ಕನ್ನಡ ಮಾತು ತಲೆಯೆತ್ತುವ ಬಗೆ’ ಎಂಬ ಉಪನ್ಯಾಸ ಮಾಡಿದರು. ಮಹಾರಾಜರ ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಹೇಳುತ್ತಿದ್ದ ತರುಣರು ಅವರು. ಅವರ ‘ಇಂಗ್ಲಿಷ್ ಗೀತಗಳು’ ಮುಂದೆ ಏನು ಮಾಡಿತೆಂಬುದನ್ನು ವಿವರಿಸಬೇಕಾಗಿಲ್ಲ. ಕೊನೆಯ ದಿನಗಳಲ್ಲಿ ಅವರು ಧಾರವಾಡದ ಕಾಲೇಜೊಂದರ ಪ್ರಾಂಶುಪಾಲರಾಗಿದ್ದು, 1946ರ ಜನವರಿಯಲ್ಲಿ ಅಲ್ಲಿಯೇ ದೇಹ ಬಿಟ್ಟರು.

1917ರಲ್ಲಿ ಕರ್ನಾಟಕ ಕಾಲೇಜು ತೆರೆಯಿತು. ರೈಲ್ವೆಯ ಕಚೇರಿಗಾಗಿ ಕಟ್ಟಿದ್ದ ಕಟ್ಟಡವು ಷೇಕ್ಸ್‌ಪಿಯರನ ಪಾಲಿಗೆ ಬಂದಿತು. ಸವಣೂರೆಂಬ ನವಾಬರ ಪುಟ್ಟ ಸಂಸ್ಥಾನದಲ್ಲಿ 1909ರಲ್ಲಿ ಹುಟ್ಟಿದ ವಿನಾಯಕ ಕೃಷ್ಣ ಗೋಕಾಕರು ಈ ಕಾಲೇಜಿನ ವಿದ್ಯಾರ್ಥಿಗಳು. ಕಾಲೇಜಿನೊಳಗೆ ಅವರಿಗೆ ದೊರೆತದ್ದು ಇಂಗ್ಲಿಷ್ ಕಾವ್ಯ. ಹೊರಗೆ ದೊರೆತವರು ಬೇಂದ್ರೆ ಮತ್ತು 1922ರಿಂದ ಕೂಡುತ್ತಿದ್ದ ಗೆಳೆಯರ ಗುಂಪು. ಒಳಗೆ ಓದಿದ್ದನ್ನು ಹೊರಗೆ ಕನ್ನಡದಲ್ಲಿ ಒರೆಗೆ ಹಚ್ಚುವ ಅನುಕೂಲ ಅಲ್ಲಿದ್ದಿತು. ಧಾರವಾಡದ ವಿಶೇಷವೆಲ್ಲ ಇದರಲ್ಲಿಯೇ ಇದೆಯೆಂದು ನಮ್ಮ ಅಭಿಪ್ರಾಯ. ಇಂಗ್ಲಿಷು ಅಲ್ಲಿ ಮನೆಯ ಮಾತಾಗಲಿಲ್ಲ, ಪಾಠವಾಗಿಯೇ ಉಳಿಯಿತು. ಆದುದರಿಂದಲೇ ಅದು ಕನ್ನಡವನ್ನು ನುಂಗದೆ ಉಣಿಸಿತು. ಗೋಕಾಕರು ಆಕ್ಸ್‌ಫರ್ಡಿಗೆ ಹೋಗಿಬಂದರೂ ಆ ಸಮುದ್ರಯಾನದ ಫಲ 1940ರ ‘ಸಮುದ್ರ ಗೀತೆಗಳು’ ಎಂಬ ಕನ್ನಡ ಕೃತಿಯೇ ಆಯಿತು. ಎದುರು ದಿಕ್ಕಿನ ಉದಾಹರಣೆಯೂ ಉಂಟು: ಗೋವೆಯ ಮೂಲದ ಕವಿ ಅರ್ಮಾಂಡೊ ಮೆನೆಜಿಸರು ಅಲ್ಲಿ ಇಂಗ್ಲಿಷ್ ಕಲಿಸುತ್ತಿದ್ದು, ಅಂಗಡಿಯವರೊಡನೆ ಬಸವಣ್ಣನವರ ವಚನಗಳನ್ನು ಇಂಗ್ಲಿಷಿಗೆ ತಂದರು, ಅದು 1967ರಲ್ಲಿ ಪ್ರಕಟವಾಯಿತು.

ಇಷ್ಟನ್ನೇ ಹೇಳಿದರೆ ಚಿತ್ರ ಪೂರ್ಣವಾಗದು. ಇಂಗ್ಲಿಷ್ ಕವಿ ಬೇಸಗೆಯನ್ನು ಹಾಡಿ ಹೊಗಳುತ್ತಾನೆ. ನವಲಗುಂದದವನಿಗೆ ಬೇಸಗೆಯೆಂದರೆ ಕೆರೆಯ ತಳ ಕಾಣುವ ಕಾಲ, ನೆಲ ಬಾಯ್ಬಿಡುವ ಕಾಲ. ಆ ಪದ್ಯದ ಸೊಗಸನ್ನು ಅವನು ಪರೀಕ್ಷೆಯಲ್ಲಿ ಇಂಗ್ಲಿಷಿನಲ್ಲಿಯೇ ಬರೆಯಬೇಕು. ಅನುಭವಕ್ಕೆ ಬಾರದುದನ್ನು ಬಾಯಿಪಾಠದಿಂದಲ್ಲದೆ ಮತ್ತೆ ಹೇಗೆ ಬರೆದಾನು? ಪಂಪನ ತಾಯಿ ಅಬ್ಬಣಬ್ಬೆ ಅಣ್ಣಿಗೇರಿಯ ಜೋಯಿಸ ಸಿಂಘನ ಮೊಮ್ಮಗಳೆಂದು ಜಿನವಲ್ಲಭನ ಶಾಸನ ಸಾರುತ್ತದೆ. ಅಂಥ ಊರಿನ ಹುಡುಗನೂ ಮಿಲ್ಟನ್ನನ ಒಂದು ಸಾಲನ್ನು ಅರ್ಥವಿಸಲಾರದೆ ದಡ್ಡನೆನಿಸಿಕೊಳ್ಳಬಹುದಾಗಿತ್ತು. ಒಂದೇ ಇಂಗ್ಲಿಷ್ ಪತ್ರಿಕೆಯಲ್ಲಿ ನಪಾಸಾಗಿ ಹೊಲಮನೆಗೆ ಮರಳಿದವರನ್ನು ಸಾಹಿತ್ಯ ಚರಿತ್ರೆ ಎಣಿಸುವುದಿಲ್ಲ. ನಾವು ಗೆದ್ದವರನ್ನು ಕುರಿತೇ ಉಪನ್ಯಾಸ ಮಾಡುತ್ತೇವೆ.

1949ರಲ್ಲಿ ಕರ್ನಾಟಕ ವಿಶ್ವವಿದ್ಯಾನಿಲಯ ಸ್ಥಾಪನೆಯಾದ ಬಳಿಕ ಹಳ್ಳಿಗಳಿಂದ ಬಂದವರೇ ಇಂಗ್ಲಿಷಿನ ಅಧ್ಯಾಪಕರಾದರು. ಬೊಮ್ಮನಹಳ್ಳಿಯ ಜಿ. ಎಸ್. ಆಮೂರ, ಅಬ್ಬಿಗೇರಿಯ ಗಿರಡ್ಡಿ ಗೋವಿಂದರಾಜ, ಹತ್ತಿಮತ್ತೂರಿನ ಚಂದ್ರಶೇಖರ ಪಾಟೀಲ, ಈ ಮೂವರ ಊರುಗಳೂ ಆಗ ಧಾರವಾಡ ಜಿಲ್ಲೆಯವು. ಆಮೂರರೂ ಗಿರಡ್ಡಿಯವರೂ ಕನ್ನಡ ವಿಮರ್ಶೆಯನ್ನು ಬೆಳೆಸಿದರು. ಗಿರಡ್ಡಿ, ಪಾಟೀಲರು ಸಿದ್ಧಲಿಂಗ ಪಟ್ಟಣಶೆಟ್ಟಿಯವರೊಡನೆ 1964ರಲ್ಲಿ ‘ಸಂಕ್ರಮಣ’ ಪತ್ರಿಕೆಯನ್ನು ಆರಂಭಿಸಿದರು.

ಪ್ರೌಢಶಾಲೆಯಲ್ಲಿ ಕನ್ನಡವೊಂದೇ ಪ್ರಥಮ ಭಾಷೆಯಾಗಬೇಕೆಂದು 1981ರ ಜನವರಿಯಲ್ಲಿ ವರದಿಯಿತ್ತ ಸಮಿತಿಯ ಅಧ್ಯಕ್ಷರು ಅದೇ ಗೋಕಾಕರು, ಆಯುಷ್ಯವನ್ನು ಇಂಗ್ಲಿಷ್ ಪಾಠದಲ್ಲಿ ಕಳೆದವರು. ಆ ವರದಿಯನ್ನು ಜಾರಿಗೆ ತರಬೇಕೆಂಬ ಚಳವಳಿಯ ಮುಂದಾಳುಗಳಲ್ಲಿ ಪಾಟೀಲರೂ ಒಬ್ಬರು. ಅವರೂ ಇಂಗ್ಲಿಷ್ ಅಧ್ಯಾಪಕರೇ. ಆದರೆ ವರದಿಯು ಕನ್ನಡದ ಸ್ಥಾನವನ್ನು ಕುರಿತದ್ದು. ಇಂಗ್ಲಿಷಿನ ಹೊಸ್ತಿಲಲ್ಲಿ ಎಡವಿ ನಿಂತ ಕಲಘಟಗಿಯ ಹುಡುಗನಿಗೆ ಕಾಲೇಜು ಹೇಗೆ ಕಲಿಸಬೇಕು ಎಂಬ ಪ್ರಶ್ನೆ ಆ ಸಮಿತಿಯ ಮುಂದೆ ಇರಲಿಲ್ಲ.