ರಸಾಯನಶಾಸ್ತ್ರದ ಲೋಕಬೋಧೆ: ಮಾರ್ಸೆಟ್ ಮತ್ತು ಫ್ಯಾರಡೆ

ಶಾಸ್ತ್ರವನ್ನು ಸಾಮಾನ್ಯರಿಗೆ ತಿಳಿಯಹೇಳುವ ಗ್ರಂಥಗಳು ಪಂಡಿತರ ಮನ್ನಣೆಗೆ ಪಾತ್ರವಾಗುವುದು ಅಪೂರ್ವ. ಮೂಲಗ್ರಂಥವು ಶಾಸ್ತ್ರವನ್ನು ಬೆಳೆಸುವುದೆಂದೂ, ಬಾಲಬೋಧೆಯು ಬೆಳೆದುದನ್ನು ಹಂಚುವುದು ಮಾತ್ರವೆಂದೂ ಭಾವಿಸುವುದು ರೂಢಿ. ಈ ಭೇದವು ಎಷ್ಟರಮಟ್ಟಿಗೆ ನಿಲ್ಲುವುದೆಂಬುದನ್ನು ಪರೀಕ್ಷಿಸಲು ಇಂಗ್ಲೆಂಡಿನ ರಸಾಯನಶಾಸ್ತ್ರದ ಚರಿತ್ರೆಯಲ್ಲಿ ತಕ್ಕ ನಿದರ್ಶನವೊಂದಿದೆ.

ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ ೧೭೯೯ರಲ್ಲಿ ಸ್ಥಾಪಿತವಾಯಿತು. ವಿಜ್ಞಾನವನ್ನು ಜೀವನೋಪಯೋಗಕ್ಕೆ ತರುವುದೂ, ಉಪನ್ಯಾಸಗಳ ಮೂಲಕ ಅದನ್ನು ಪ್ರಚುರಪಡಿಸುವುದೂ ಅದರ ಉದ್ದೇಶಗಳು. ೧೮೦೧ರಲ್ಲಿ ಅಲ್ಲಿಗೆ ಬಂದ ಹಂಫ್ರಿ ಡೇವಿಯ ಉಪನ್ಯಾಸಗಳನ್ನು ಕೇಳಲು ಸ್ತ್ರೀಪುರುಷರು ಕಿಕ್ಕಿರಿದು ನೆರೆಯುತ್ತಿದ್ದರು. ಆ ಶ್ರೋತೃಗಳಲ್ಲಿ ಜೇನ್ ಮಾರ್ಸೆಟ್ (೧೭೬೯–೧೮೫೮) ಎಂಬಾಕೆಯೂ ಒಬ್ಬಳು. ಮೊದಮೊದಲು ಆಕೆಗೆ ವಿಷಯವು ಸ್ಪಷ್ಟವಾಗಿ ಮನಸ್ಸಿಗೆ ಹತ್ತಲಿಲ್ಲ; ಮಿತ್ರರೊಬ್ಬರೊಡನೆ ಅದನ್ನೇ ಕುರಿತು ಸಂಭಾಷಿಸಿದ ಮೇಲೆ ಸಂಶಯವು ಹರಿಯಿತು. ಈ ಅನುಭವದಿಂದಲೇ 'ರಸಾಯನಶಾಸ್ತ್ರ ಸಂಭಾಷಣೆಗಳು' ಎಂಬರ್ಥದ ಆಕೆಯ ಗ್ರಂಥವು ಹುಟ್ಟಿತು. ೧೮೦೬ನೆಯ ವರ್ಷವನ್ನು ಮುಖಪತ್ರದಲ್ಲಿ ಹೊತ್ತು ಬಂದ ಮೊದಲ ಮುದ್ರಣದಲ್ಲಿ ಕರ್ತೃವಿನ ಹೆಸರೇ ಇರಲಿಲ್ಲ.

ಗ್ರಂಥದಲ್ಲಿ ಮಿಸೆಸ್ ಬಿ ಎಂಬ ಉಪಾಧ್ಯಾಯಿನಿಯೂ, ಎಮಿಲಿ, ಕ್ಯಾರೊಲೈನ್ ಎಂಬ ಇಬ್ಬರು ಶಿಷ್ಯೆಯರೂ ಮಾತನಾಡುತ್ತಾರೆ. ಎಮಿಲಿ ಶ್ರದ್ಧಾವತಿ, ಕ್ಯಾರೊಲೈನ್ ಆಕ್ಷೇಪಿಸುವ ಸ್ವಭಾವದವಳು. ಪ್ರಶ್ನೋತ್ತರರೂಪದ ಬೋಧೆಯು ಉಪನಿಷತ್ತುಗಳ ಕಾಲದಿಂದ ಭಾರತೀಯರಿಗೆ ಪರಿಚಿತವಾದುದೇ. ಶಾಸ್ತ್ರಗ್ರಂಥಗಳಲ್ಲಿ ಪೂರ್ವಪಕ್ಷವು ಮಾಡುವ ಕೆಲಸವನ್ನು ಇಲ್ಲಿ ಕ್ಯಾರೊಲೈನಳ ಆಕ್ಷೇಪಗಳು ಮಾಡುತ್ತವೆ: ಓದುಗನ ಸಂಶಯವು ಅವನ ಬಾಯಿಂದ ಬರುವ ಮೊದಲೇ ಉತ್ತರವನ್ನು ಪಡೆಯುತ್ತದೆ.

ಆ ಕಾಲದಲ್ಲಿ ಮೈಕೇಲ್ ಫ್ಯಾರಡೆ (೧೭೯೧–೧೮೬೭) ಎಂಬ ಕಮ್ಮಾರನ ಮಗನು ಲಂಡನ್ನಿನಲ್ಲಿ ಪುಸ್ತಕ ಕಟ್ಟುವ ಕಸಬನ್ನು ಕಲಿಯುತ್ತಿದ್ದನು. ಕಟ್ಟಲು ಬಂದ ಗ್ರಂಥಗಳನ್ನು ಬಿಡುವಿನಲ್ಲಿ ಓದುವುದು ಅವನ ಅಭ್ಯಾಸ. ಮಾರ್ಸೆಟಳ ಗ್ರಂಥವನ್ನು ಓದಿದವನು ಅಷ್ಟಕ್ಕೇ ತೃಪ್ತನಾಗದೆ, ತನ್ನ ಅಲ್ಪಸಾಧನಗಳಿಂದ ಸಾಧ್ಯವಾದ ಪ್ರಯೋಗಗಳನ್ನು ಮಾಡಿನೋಡಿದನು. ಹೇಳಿದುದು ಕಂಡುದಕ್ಕೆ ಸರಿಹೊಂದಿದಾಗ ಶಾಸ್ತ್ರದಲ್ಲಿ ಅವನಿಗೆ ನೆಲೆ ದೊರೆಯಿತು. ೧೮೧೨ರಲ್ಲಿ ಡೇವಿಯ ಉಪನ್ಯಾಸಗಳನ್ನು ಕೇಳಿ, ಬರೆದುಕೊಂಡ ಟಿಪ್ಪಣಿಗಳನ್ನು ತಾನೇ ಪುಸ್ತಕವಾಗಿ ಕಟ್ಟಿ ಅವನಿಗೆ ಕಳುಹಿಸಿದನು. ಮರುವರ್ಷವೇ ಅವನ ಪ್ರಯೋಗಶಾಲೆಯಲ್ಲಿ ಸಹಾಯಕನಾದನು. ೧೮೨೫ರಲ್ಲಿ ಬೆಂಜೀನನ್ನೂ, ೧೮೩೧ರಲ್ಲಿ ವಿದ್ಯುತ್ಕಾಂತ ಪ್ರೇರಣೆಯನ್ನೂ ಕಂಡುಹಿಡಿದವನು ಇವನೇ.

ಇಷ್ಟು ಕೀರ್ತಿ ಬಂದ ಮೇಲೂ ಫ್ಯಾರಡೆಯು ಲೋಕಬೋಧೆಯನ್ನು ಕೀಳೆಣಿಸಲಿಲ್ಲ. ೧೮೬೦–೬೧ರ ಕ್ರಿಸ್‌ಮಸ್ ಕಾಲದಲ್ಲಿ ಮೇಣದ ಬತ್ತಿಯೊಂದನ್ನೇ ವಿಷಯವಾಗಿಟ್ಟುಕೊಂಡು ಬಾಲಕರಿಗೆ ಆರು ಉಪನ್ಯಾಸಗಳನ್ನು ಮಾಡಿದನು. ವಿಲಿಯಂ ಕ್ರೂಕ್ಸನ ಸಂಪಾದನೆಯಲ್ಲಿ ಅವು ೧೮೬೧ರಲ್ಲಿ ಗ್ರಂಥರೂಪವಾಗಿ ಬಂದುವು. ಕರಗಿದ ಮೇಣವು, ಬಟ್ಟೆಯ ಅಂಚಿನಲ್ಲಿ ನೀರು ಏರುವಂತೆ, ಬತ್ತಿಯ ನೂಲಿನಲ್ಲಿ ಏರಿ ಆವಿಯಾಗುತ್ತದೆ. ಉರಿಯುವುದು ಆ ಆವಿ. ಜ್ವಾಲೆಯ ನಡುವಿನ ಕಪ್ಪುಭಾಗಕ್ಕೆ ಗಾಜಿನ ನಳಿಗೆಯನ್ನು ಹಿಡಿದರೆ ಆವಿಯು ಅದರಲ್ಲಿ ಹರಿದುಬಂದು ಇನ್ನೊಂದು ತುದಿಯಲ್ಲಿ ಹೊತ್ತಿಕೊಳ್ಳುತ್ತದೆ. ಜ್ವಾಲೆಯ ಮೇಲೆ ತಣ್ಣನೆಯ ಪಾತ್ರೆಯನ್ನು ಹಿಡಿದರೆ ನೀರಿನ ಹನಿಗಳು ಕೂಡುತ್ತವೆ. ದಹನದಿಂದ ಹುಟ್ಟಿದ ಅಂಗಾರಾಮ್ಲವಾಯುವು ಸುಣ್ಣದ ತಿಳಿನೀರನ್ನು ಹಾಲಿನಂತೆ ಬೆಳ್ಳಗೆ ಮಾಡುತ್ತದೆ. ಮನುಷ್ಯನ ಉಸಿರೂ ಆ ತಿಳಿನೀರನ್ನು ಹಾಗೆಯೇ ಮಾಡುವುದನ್ನು ತೋರಿಸಿ, ದೀಪದ ಉರಿಗೂ ದೇಹದ ಉಸಿರಿಗೂ ಇರುವ ಸಾದೃಶ್ಯವನ್ನು ಕಡೆಯ ಉಪನ್ಯಾಸವು ಸ್ಥಾಪಿಸಿತು. ಒಂದು ಅಗುಳಿನಿಂದ ಮಡಕೆಯ ಅನ್ನವನ್ನೆಲ್ಲ ಅರಿಯುವ ಸ್ಥಾಲೀಪುಲಾಕನ್ಯಾಯಕ್ಕೆ ಇದಕ್ಕಿಂತ ಉತ್ತಮವಾದ ಉದಾಹರಣೆ ದುರ್ಲಭ.

ಮಾರ್ಸೆಟ್ ಮಡಿದ ೧೮೫೮ರಲ್ಲಿ ಫ್ಯಾರಡೆಯು ಆಕೆಯ ಋಣವನ್ನು ಸ್ನೇಹಿತನಾದ ದ ಲಾ ರೀವ್‌ಗೆ ಬರೆದ ಪತ್ರದಲ್ಲಿ ಸ್ಮರಿಸಿದನು. ತನ್ನ ಪ್ರಬಂಧಗಳನ್ನು ಆಕೆಗೆ ಕೃತಜ್ಞತೆಯ ಕಾಣಿಕೆಯಾಗಿ ಕಳುಹಿಸುತ್ತಿದ್ದುದನ್ನೂ ತಿಳಿಸಿದನು. ಹೀಗೆ ಡೇವಿಯ ಶಾಸ್ತ್ರವು ಆಕೆಯ ಸಂಭಾಷಣೆಯಾಗಿ, ಸಂಭಾಷಣೆಯು ಮತ್ತೊಬ್ಬ ಶಾಸ್ತ್ರಜ್ಞನಿಗೆ ಮೊದಲ ಗುರುವಾಗಿ, ಅವನ ವಿದ್ಯೆಯು ಪುನಃ ಬಾಲಕರ ಮುಂದಣ ದೀಪವಾಯಿತು.

ಇದರಿಂದ ಲೋಕಬೋಧೆಯ ಲಕ್ಷಣವೂ ನಿರ್ಣಯವಾಗುತ್ತದೆ. ಮಾತಿನ ಸೌಲಭ್ಯವೊಂದೇ ಅದರ ಗುಣವಲ್ಲ; ಹೇಳಿದುದನ್ನು ಓದುಗನು ತಾನೇ ಪರೀಕ್ಷಿಸಿ ನೋಡಲು ಅವಕಾಶವಿರಬೇಕು. ಅಂಥ ಗ್ರಂಥವು ಹೊಸ್ತಿಲ ಮೇಲಿಟ್ಟ ದೀಪದಂತೆ ಒಳಗಿನ ಪಂಡಿತಸಭೆಗೂ ಹೊರಗಿನ ಜನಸಮೂಹಕ್ಕೂ ಏಕಕಾಲದಲ್ಲಿ ಬೆಳಕಾಗುತ್ತದೆ.