ವಾದದ ಮರುದಿನ: ಚುನಾವಣಾ ಸಂವಾದವೂ ಮತದಾರನ ಮನಸ್ಸೂ

ಚಿಕ್ಕೋಡಿಯಲ್ಲಿ 1955ರಲ್ಲಿ ಜನಿಸಿ, ಬೆಳಗಾವಿಯಲ್ಲಿ ಬೆಳೆದು, ಉನ್ನತ ವ್ಯಾಸಂಗಕ್ಕಾಗಿ ಅಮೆರಿಕಕ್ಕೆ ತೆರಳಿ ಅಲ್ಲಿಯೇ ನೆಲೆಸಿದ ಶ್ರೀ ಥಾನೇದಾರರು 2018ರಲ್ಲಿ ಮಿಷಿಗನ್ ಸಂಸ್ಥಾನದ ಗವರ್ನರ್ ಪದವಿಗಾಗಿ ಡೆಮಾಕ್ರಟಿಕ್ ಪಕ್ಷದ ಉಮೇದುವಾರಿಕೆಯನ್ನು ಬಯಸಿದಾಗ, ಗ್ರೆಚೆನ್ ವಿಟ್ಮರ್ ಮತ್ತು ಅಬ್ದುಲ್ ಎಲ್-ಸಯೀದ್ ಎಂಬ ಪ್ರತಿಸ್ಪರ್ಧಿಗಳ ಮಗ್ಗುಲಲ್ಲಿ ನಿಂತು, ದೂರದರ್ಶನದ ಕಣ್ಣೆದುರಿನಲ್ಲಿ ಪ್ರಶ್ನೆಗಳಿಗೆ ಉತ್ತರವೀಯಬೇಕಾಯಿತು. ಮೂವರಲ್ಲಿ ಅವರು ಕೊನೆಯವರಾದರು. ಆದರೆ 2022ರ ನವೆಂಬರಿನಲ್ಲಿ ಅದೇ ಸಂಸ್ಥಾನದ 13ನೆಯ ಕ್ಷೇತ್ರದಿಂದ ಅಮೆರಿಕದ ಪ್ರತಿನಿಧಿಸಭೆಗೆ ಆರಿಸಿ ಹೋದರು. ಚಿಕ್ಕೋಡಿಯ ನೆರೆಯ ನಿಪ್ಪಾಣಿ ಸೀಮೆಯ ಅಕ್ಕೋಳದಲ್ಲಿ ವಾಸಿಸುವ ಮತದಾರನಿಗಾದರೋ, ತನ್ನ ಮತವನ್ನು ಯಾಚಿಸುವ ಇಬ್ಬರು ನಾಯಕರು ಒಂದೇ ವೇದಿಕೆಯ ಮೇಲೆ ಪರಸ್ಪರರ ಮಾತಿಗೆ ಮಾತು ಕೊಡುವುದನ್ನು ನೋಡುವ ಯೋಗ ಇಂದಿಗೂ ಒದಗಿಲ್ಲ. ರಾಷ್ಟ್ರಪತಿಯ ಚುನಾವಣೆಯಂತೂ ಅವನ ಕೈಗೆಟುಕುವುದೇ ಅಲ್ಲ. ಅವನು ಕಳುಹಿಸಿದ ಶಾಸಕನೂ ಲೋಕಸಭಾ ಸದಸ್ಯನೂ ಅವನ ಪರವಾಗಿ ಆ ಮತವನ್ನು ಚಲಾಯಿಸುತ್ತಾರೆ. 1969ರಲ್ಲಿ ಗಿರಿಯವರಿಗೂ ಸಂಜೀವರೆಡ್ಡಿಯವರಿಗೂ ಸ್ಪರ್ಧೆ ಏರ್ಪಟ್ಟು, ಕಾಂಗ್ರೆಸ್ಸಿನ ಅಧ್ಯಕ್ಷರಾಗಿದ್ದ ನಮ್ಮ ನಿಜಲಿಂಗಪ್ಪನವರು ಒಂದು ದಿಕ್ಕಿಗೂ ಇಂದಿರಾಗಾಂಧಿಯವರು ಮತ್ತೊಂದು ದಿಕ್ಕಿಗೂ ನಿಂತು ದೇಶವೆಲ್ಲ ತಲ್ಲಣಿಸಿದಾಗಲೂ, ಶ್ರೀಸಾಮಾನ್ಯನ ಪಾಲಿಗೆ ಉಳಿದದ್ದು ಪತ್ರಿಕೆಯನ್ನೋದುವ ಕೆಲಸವೊಂದೇ.

ಹೀಗಿರಲಾಗಿ, ಅಧ್ಯಕ್ಷ ಪದವಿಯ ಅಭ್ಯರ್ಥಿಗಳ ಸಂವಾದವನ್ನು ಕಂಡ ಮತದಾರರು ಹೇಗೆ ಪ್ರತಿಕ್ರಿಯಿಸಿದರೆಂಬುದನ್ನು ಕುರಿತು ಪರದೇಶದ ಪಂಡಿತರು ಆರು ದಶಕಗಳಿಗೂ ಮಿಕ್ಕಿ ನಡೆಸಿರುವ ಶೋಧನೆ ನಮಗೇತಕ್ಕೆ ಎಂದು ಯಾರಾದರೂ ಕೇಳಿದರೆ ಆಶ್ಚರ್ಯವಿಲ್ಲ. ನನ್ನ ಮಟ್ಟಿಗೆ ಉತ್ತರ ಸ್ಪಷ್ಟವಾಗಿದೆ: ಆ ಶಾಸ್ತ್ರವು ಬಹಳ ಸುತ್ತಿ ಬಳಸಿ ಕಂಡುಕೊಂಡ ಮುಖ್ಯ ಸಂಗತಿಯು ದೂರದರ್ಶನವನ್ನು ಕುರಿತದ್ದಲ್ಲ, ಅದನ್ನು ಆರಿಸಿದ ಮೇಲೆ ಜನ ತಮ್ಮತಮ್ಮೊಳಗೆ ಆಡುವ ಮಾತನ್ನು ಕುರಿತದ್ದು.

ಇಬ್ಬರು ವಾದಿಗಳನ್ನು ಎದುರುಬದುರಾಗಿ ನಿಲ್ಲಿಸಿ ಸಭೆಯ ತೀರ್ಪಿಗೆ ಒಪ್ಪಿಸುವ ಪದ್ಧತಿ ನಮ್ಮ ಗಡಿಸೀಮೆಗೆ ಹೊಸದೇನಲ್ಲ. ಹರದೇಶಿ–ನಾಗೇಶಿಯ ಲಾವಣಿಮೇಳಗಳನ್ನು ಕೇಳಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಪುರುಷತತ್ತ್ವವೇ ಮೇಲೆಂದು ಹರದೇಶಿಯವರೂ, ಶಕ್ತಿಯೇ ಮೇಲೆಂದು ನಾಗೇಶಿಯವರೂ, ದಪ್ಪು ತುಂತುಣಿಗಳ ಹಿಮ್ಮೇಳದಲ್ಲಿ, ಒಬ್ಬರು ಹಾಕಿದ ಸವಾಲಿಗೆ ಇನ್ನೊಬ್ಬರು ಜವಾಬು ಕಟ್ಟುತ್ತ ಬೆಳತನಕ ಹಾಡುವರು; ಕನ್ನಡದಲ್ಲಿ ಹೀಗಾದರೆ ಮರಾಠಿಯ ಶಾಹೀರರಲ್ಲಿ ಇದೇ ಕಲ್ಗಿ–ತುರಾ ಎನಿಸುವುದು. ಕೂತವರು ನಡುನಡುವೆ ಭಲೆ ಎನ್ನುವುದುಂಟಾದರೂ, ಗೆದ್ದವರಾರೆಂಬ ನಿರ್ಣಯ ಮಾತ್ರ ಮೇಳ ಮುಗಿದ ಮೇಲೆ, ಮರುದಿನ ಹೊಲದ ಬದುವಿನ ಮೇಲೆಯೋ ಚಹದ ಅಂಗಡಿಯ ಮುಂದೆಯೋ ಆಗುವಂಥದು. ಅಲ್ಲಿ ಲಾವಣಿಯ ಮರ್ಮವನ್ನು ಬಲ್ಲ ಒಬ್ಬಿಬ್ಬರು ಹಿರಿಯರ ಮಾತಿಗೆ ಉಳಿದವರು ಕಿವಿಗೊಡುತ್ತಿದ್ದರು.

ಅಮೆರಿಕದ ವಿದ್ವಾಂಸರು ಇಂಥ ಹಿರಿಯರನ್ನು ಕಂಡದ್ದು 1940ರಲ್ಲಿ. ಪಾಲ್ ಲಾಜರ್ಸ್‌ಫೆಲ್ಡ್‌ರೂ ಅವರ ಸಂಗಡಿಗರೂ ಒಹಾಯೊ ಸಂಸ್ಥಾನದ ಈರಿ ಕೌಂಟಿಗೆ ಹೋಗಿ, ಅಲ್ಲಿನ ಸುಮಾರು 600 ಮಂದಿ ಮತದಾರರನ್ನು ಮೇ ತಿಂಗಳಿಂದ ನವೆಂಬರಿನವರೆಗೆ ಮತ್ತೆ ಮತ್ತೆ ಪ್ರಶ್ನಿಸಿ, ರೂಸ್‌ವೆಲ್ಟ್–ವಿಲ್ಕಿ ಸ್ಪರ್ಧೆಯಲ್ಲಿ ಅವರ ಮನಸ್ಸು ಹೇಗೆ ತಿರುಗಿತೆಂಬುದನ್ನು ಲೆಕ್ಕವಿಟ್ಟರು. ರೇಡಿಯೊ ಮತ್ತು ಪತ್ರಿಕೆಗಳ ಪ್ರಚಾರ ಮತದಾರನನ್ನು ಬೇಕಾದಂತೆ ಬಾಗಿಸಬಲ್ಲದೆಂಬ ಭೀತಿ ಆ ಕಾಲದಲ್ಲಿ ವಿಶೇಷವಾಗಿದ್ದಿತು. ಆದರೆ 1944ರಲ್ಲಿ ಪ್ರಕಟವಾದ ಅವರ ಗ್ರಂಥ ಹೇಳಿದ್ದು ಬೇರೆ: ಒಂದು ಪಕ್ಷದಿಂದ ಇನ್ನೊಂದಕ್ಕೆ ಹಾರಿದವರು ಅತ್ಯಲ್ಪ, ಬಹುಜನ ಮೊದಲೇ ಇದ್ದ ಒಲವನ್ನು ದೃಢಪಡಿಸಿಕೊಂಡವರು, ರೇಡಿಯೊವಿನ ಮಾತು ಅವರನ್ನು ಮುಟ್ಟಿದ್ದು ನೇರವಾಗಿಯಲ್ಲ, ತಮ್ಮ ನಡುವೆಯೇ ಇದ್ದು ಹೆಚ್ಚು ಓದುವ, ಹೆಚ್ಚು ಕೇಳುವ ನೆರೆಯವರ ಬಾಯಿಂದ. ಅಂಥವರಿಗೆ ಅಭಿಪ್ರಾಯನಾಯಕರೆಂದು ಹೆಸರಾಯಿತು. ಈ ಶಾಸ್ತ್ರದ ಅಸ್ತಿಭಾರ ಇದೇ. ಆದರೆ ಮುಂದೆ ಇಪ್ಪತ್ತು ವರ್ಷಗಳಲ್ಲಿ ಬಂದ ಒಂದು ಪೆಟ್ಟಿಗೆಯ ಬೆಳಕಿಗೆ ಕಣ್ಣು ಕೋರೈಸಿ ಪಂಡಿತರು ಇದನ್ನು ಅರ್ಧ ಮರೆತರು.

1960ರ ಸೆಪ್ಟೆಂಬರ್ 26ರಂದು ಚಿಕಾಗೊ ನಗರದಲ್ಲಿ ಕೆನಡಿ ಮತ್ತು ನಿಕ್ಸನ್ ಇಬ್ಬರೂ ನಡೆಸಿದ ಪ್ರಥಮ ಸಂವಾದವನ್ನು ಕಂಡವರು ಸುಮಾರು 7 ಕೋಟಿ ಜನ. ಮೊಣಕಾಲಿನ ಬೇನೆಯಿಂದ ಆಸ್ಪತ್ರೆ ಸೇರಿ ಹೊರಬಂದಿದ್ದ ನಿಕ್ಸನ್ನರ ಬಳಲಿದ ಮುಖವನ್ನೂ, ಬಿಸಿಲಿಗೆ ಕಂದಿ ಕಳೆಗಟ್ಟಿದ್ದ ಕೆನಡಿಯವರ ಮುಖವನ್ನೂ ಆ ರಾತ್ರಿ ಜನ ಅಕ್ಕಪಕ್ಕದಲ್ಲಿಟ್ಟು ನೋಡಿದರು. ರೇಡಿಯೊದಲ್ಲಿ ಕೇಳಿದವರು ನಿಕ್ಸನ್ ಗೆದ್ದನೆಂದರು, ದೂರದರ್ಶನದಲ್ಲಿ ಕಂಡವರು ಕೆನಡಿ ಗೆದ್ದನೆಂದರು ಎಂಬ ಮಾತು ಅಂದಿನಿಂದ ಪ್ರಪಂಚವನ್ನೆಲ್ಲ ಸುತ್ತಿ, ನಮ್ಮ ಕಾಲೇಜುಗಳ ಪಠ್ಯಗಳಿಗೂ ಬಂದು ಸೇರಿತು. ಆಧಾರವನ್ನು ಕೆದಕಿದವರು ಬಹಳ ಕಾಲ ಯಾರೂ ಇರಲಿಲ್ಲ. 1987ರಲ್ಲಿ ವ್ಯಾನ್ಸಿಲ್ ಮತ್ತು ಪೆಂಡೆಲ್ ಎಂಬಿಬ್ಬರು ಹಳೆಯ ಕಾಗದಗಳನ್ನು ತಿರುವಿಹಾಕಿದಾಗ, ಸಿಂಡ್ಲಿಂಗರ್ ಎಂಬ ಸಂಸ್ಥೆಯ ಒಂದೇ ಸಮೀಕ್ಷೆಯೇ ಅದಕ್ಕೆ ಮುಖ್ಯಾಧಾರವೆಂದೂ, ಅದರಲ್ಲಿ ರೇಡಿಯೊ ಕೇಳಿದವರು ಮುನ್ನೂರಕ್ಕಿಂತ ಕಡಿಮೆಯೆಂದೂ, ಅವರು ಸಂವಾದಕ್ಕೆ ಮೊದಲೇ ಯಾರ ಕಡೆಗಿದ್ದರೆಂಬುದನ್ನು ಅದರಿಂದ ತಿಳಿಯುವಂತಿಲ್ಲವೆಂದೂ ಗೊತ್ತಾಯಿತು. ರೇಡಿಯೊವನ್ನೇ ನೆಚ್ಚಿದವರಲ್ಲಿ ಹಳ್ಳಿಗಾಡಿನ ಪ್ರಾಟೆಸ್ಟಂಟರು ಹೆಚ್ಚಾಗಿದ್ದಿದ್ದರೆ, ಕ್ಯಾಥೊಲಿಕನಾದ ಕೆನಡಿಯನ್ನು ಅವರು ಮೆಚ್ಚದಿದ್ದುದಕ್ಕೆ ಮುಖಕಾಂತಿಯ ಕಾರಣವೇಕೆ?

ಆ ಸಂವಾದಗಳ ಬಗ್ಗೆ ನಡೆದ 31 ಅಧ್ಯಯನಗಳನ್ನು ಎಲಿಹು ಕಾಟ್ಜ್ ಮತ್ತು ಜೇಕಬ್ ಫೆಲ್ಡ್‌ಮನ್ 1962ರಲ್ಲಿಯೇ ಒಟ್ಟಿಗಿಟ್ಟು ನೋಡಿ, ಸಂವಾದಗಳಿಂದ ಕೆನಡಿಯ ಪಕ್ಷದವರಿಗೆ ತಮ್ಮ ಹುರಿಯಾಳಿನಲ್ಲಿ ನಂಬುಗೆ ಬಲಿಯಿತೆಂಬುದರ ಆಚೆಗೆ ಹೆಚ್ಚೇನನ್ನೂ ಖಂಡಿತವಾಗಿ ಹೇಳಲಾಗದೆಂದು ಒಪ್ಪಿದ್ದರು. ಈ ಸಂಯಮದ ಮಾತು ಯಾರ ಕಿವಿಗೂ ಬೀಳಲಿಲ್ಲವೆಂಬುದು ಬೇರೆ ವಿಷಯ. ಬಹುಕಾಲದ ಮೇಲೆ, 2003ರಲ್ಲಿ, ಜೇಮ್ಸ್ ಡ್ರಕ್‌ಮನ್ 171 ಮಂದಿಯಲ್ಲಿ ಕೆಲವರಿಗೆ ಅದೇ ಸಂವಾದದ ಧ್ವನಿಯನ್ನು ಮಾತ್ರ ಕೇಳಿಸಿ, ಕೆಲವರಿಗೆ ಚಿತ್ರವನ್ನೂ ತೋರಿಸಿ ಪರೀಕ್ಷಿಸಲಾಗಿ, ಚಿತ್ರ ಕಂಡವರು ಕೆನಡಿಯ ಕಡೆಗೆ ಹೆಚ್ಚು ವಾಲಿದರೆಂದೂ, ವ್ಯಕ್ತಿಗುಣಗಳನ್ನು ಹೆಚ್ಚಾಗಿ ತೂಗಿದರೆಂದೂ ಕಂಡುಬಂದಿತು. ಕಥೆಗೆ ಆಧಾರವಿರಲಿಲ್ಲ, ಕಥೆಯ ಹುರುಳಿನಲ್ಲಿ ಸ್ವಲ್ಪ ಸತ್ಯವಿತ್ತು. ಶಾಸ್ತ್ರಗಳಲ್ಲಿ ಇಂಥ ತಮಾಷೆ ಅಪರೂಪವಲ್ಲ.

ಇದನ್ನು ಓದುವಾಗ ನನಗೆ ನಿಪ್ಪಾಣಿ ಸುತ್ತಿನ ಬೀಡಿ ಕಟ್ಟುವ ಮನೆಗಳ ನೆನಪಾಗದೆ ಇರದು. ಗಂಡಸು ಗೋಡೆಗೊರಗಿ ಟಿವಿ ನೋಡುತ್ತಾನೆ. ಹೆಂಗಸು ಹೊಸ್ತಿಲ ಬೆಳಕಿಗೆ ಕೂತು, ತೊಡೆಯ ಮೇಲಿನ ಮೊರದಲ್ಲಿ ತಂಬಾಕು ಹರವಿಕೊಂಡು, ಕತ್ತರಿಸಿದ ಎಲೆಯನ್ನು ಸುತ್ತಿ ತುದಿ ಮಡಿಚಿ ದಾರ ಬಿಗಿಯುತ್ತ, ಕಣ್ಣನ್ನು ಬೆರಳಿನ ಮೇಲಿಟ್ಟು ಕಿವಿಯನ್ನಷ್ಟೇ ಟಿವಿಗೆ ಕೊಡುತ್ತಾಳೆ. ಒಂದೇ ಮನೆಯಲ್ಲಿ ಒಬ್ಬ ನೋಡುವವನು, ಒಬ್ಬಳು ಕೇಳುವವಳು. ವಾರ್ತಾವಾಹಿನಿಯಲ್ಲಿ ನಾಲ್ವರು ವಕ್ತಾರರು ಏಕಕಾಲದಲ್ಲಿ ಕೂಗಾಡಿ ಮುಗಿಸಿದ ಮೇಲೆ ಅವನು ಒಬ್ಬನ ಗತ್ತನ್ನು ಹೊಗಳಿದರೆ, ಅವಳು ತಲೆಯೆತ್ತದೆ, ‘ಎಲ್ಲಾರೂ ಚಲೋ ಮಾತಾಡ್ಯಾರ ಬಿಡ್ರಿ, ಬೀಡಿ ಮಜೂರಿ ಬಗ್ಗೆ ಒಬ್ಬರರ ಬಾಯಿ ಬಿಟ್ರೇನು?’ ಎಂದು ಕೇಳುವುದು ಈ ಸೀಮೆಯಲ್ಲಿ ಸಾಮಾನ್ಯ. ಡ್ರಕ್‌ಮನ್ನರಂಥವರಿಗೆ ಇದಕ್ಕಿಂತ ಒಳ್ಳೆಯ ಪ್ರಯೋಗಶಾಲೆ ಸಿಕ್ಕುವುದೆಂದು ನಾನು ನಂಬುವುದಿಲ್ಲ.

ಶಾಸ್ತ್ರವು ತನ್ನ ಹಳೆಯ ಅಸ್ತಿಭಾರಕ್ಕೆ ಮರಳಿದ್ದು 1976ರಲ್ಲಿ. ಆ ವರ್ಷ ಅಕ್ಟೋಬರ್ 6ರಂದು ಸ್ಯಾನ್‌ಫ್ರಾನ್ಸಿಸ್ಕೊದಲ್ಲಿ ನಡೆದ ಎರಡನೆಯ ಸಂವಾದದಲ್ಲಿ, ಪೂರ್ವ ಯೂರೋಪಿನಲ್ಲಿ ಸೋವಿಯೆತ್ ಅಧಿಪತ್ಯವಿಲ್ಲವೆಂದು ಅಧ್ಯಕ್ಷ ಫೋರ್ಡ್ ನುಡಿದುಬಿಟ್ಟರು. ಸಂವಾದ ಮುಗಿದೊಡನೆ ವಿಚಾರಿಸಿದ ಜನರಲ್ಲಿ ಬಹುಮಂದಿಗೆ ಆ ಮಾತು ದೊಡ್ಡ ಪ್ರಮಾದವಾಗಿ ತೋರಲೇ ಇಲ್ಲ. ಫೋರ್ಡರೇ ಮೇಲುಗೈ ಪಡೆದರೆಂದು ಹೇಳಿದವರೂ ಸಾಕಷ್ಟಿದ್ದರು. ಪತ್ರಿಕೆಗಳೂ ವಾರ್ತೆಗಳೂ ಆ ಒಂದು ವಾಕ್ಯವನ್ನೇ ಹಿಡಿದು ಜಗ್ಗಿದ ಮೇಲೆ, ಮರುದಿನದ ಸಂಜೆಯ ಹೊತ್ತಿಗೆ, ಪ್ರತಿಸ್ಪರ್ಧಿ ಕಾರ್ಟರ್ ಗೆದ್ದರೆಂಬ ಅಭಿಪ್ರಾಯ ಬಹುಮತವಾಗಿ ಬೆಳೆದಿತ್ತು. ಅದೇ ವರ್ಷದ ಮೊದಲನೆಯ ಸಂವಾದವನ್ನು ಕುರಿತು ಕುರ್ಟ್ ಲ್ಯಾಂಗ್ ಮತ್ತು ಗ್ಲ್ಯಾಡಿಸ್ ಲ್ಯಾಂಗ್ ದಂಪತಿಗಳು, ನೋಡಿದ ಕೂಡಲೇ ಉತ್ತರವಿತ್ತವರನ್ನೂ ಕೆಲವು ದಿನ ಕಳೆದು ಉತ್ತರವಿತ್ತವರನ್ನೂ ಹೋಲಿಸಿ, ನಡುವಿನ ದಿನಗಳ ಮಾತುಕತೆಯಲ್ಲಿ ತೀರ್ಪು ಬದಲಾಗುವ ಪರಿಯನ್ನು ನಿರೂಪಿಸಿದರು. ಪ್ರತಿಕ್ರಿಯೆಯೆಂಬುದು ಕಂಡ ಕ್ಷಣದಲ್ಲಿ ಸಿದ್ಧವಾಗಿ ನಿಂತ ವಸ್ತುವಲ್ಲ, ಹಾಲು ಮೊಸರಾದಂತೆ ರಾತ್ರಿ ಕಳೆದ ಮೇಲೆ ಹೆಪ್ಪುಗಟ್ಟತಕ್ಕದ್ದು ಎಂಬ ಈ ತಿಳಿವಳಿಕೆಗಿಂತ ಬೆಲೆಯುಳ್ಳದ್ದನ್ನು ಆ ಶಾಸ್ತ್ರ ಆಮೇಲೆ ಕೊಟ್ಟಿಲ್ಲವೆಂದೇ ನನ್ನ ಅಭಿಪ್ರಾಯ.

ಆದರೆ ಯಂತ್ರಕ್ಕೆ ಕಾಯುವ ವ್ಯವಧಾನವೆಲ್ಲಿ? 1980ರಲ್ಲಿ ರೇಗನ್–ಕಾರ್ಟರ್ ಸಂವಾದ ಮುಗಿದೊಡನೆ ಎಬಿಸಿ ವಾಹಿನಿ ಪ್ರತಿ ಕರೆಗೆ ಅರ್ಧ ಡಾಲರಿನಂತೆ ದೂರವಾಣಿಯ ಮೂಲಕ ಮತ ಕೇಳಿ, ಬಂದ ಸುಮಾರು 7 ಲಕ್ಷ ಕರೆಗಳಲ್ಲಿ ರೇಗನ್ನರಿಗೆ ಇಮ್ಮಡಿ ಮತವಿತ್ತೆಂದು ಸಾರಿತು. ಅರ್ಧ ಡಾಲರು ಕೊಡುವ ಉತ್ಸಾಹ ಯಾರಿಗಿತ್ತೆಂಬುದನ್ನು ಮಾತ್ರ ವಿಚಾರಿಸಲಿಲ್ಲ. ಮೆಚ್ಚಿದರೆ ಹಸಿರು ಗುಂಡಿ, ಮೆಚ್ಚದಿದ್ದರೆ ಕೆಂಪು ಗುಂಡಿ ಒತ್ತಿಸುವ ಸಾಧನವನ್ನು ರೇಡಿಯೊ ಕಾಲದಲ್ಲಿಯೇ ಲಾಜರ್ಸ್‌ಫೆಲ್ಡ್ ಮತ್ತು ಫ್ರ್ಯಾಂಕ್ ಸ್ಟ್ಯಾಂಟನ್ ರೂಪಿಸಿದ್ದರು. ಅದರ ಸಂತತಿಯೇ ಇಂದು ಸಂವಾದದ ಅಡಿಯಲ್ಲಿ ಹುಳುವಿನಂತೆ ಏರಿಳಿಯುವ ಗೆರೆ. 2010ರ ಬ್ರಿಟನ್ನಿನ ಚುನಾವಣೆಯಲ್ಲಿ ಕಾಲಿನ್ ಡೇವಿಸ್ ಮತ್ತು ಸಂಗಡಿಗರು 150 ಮಂದಿಗೆ ನೇರಪ್ರಸಾರದ ಸಂವಾದವನ್ನು ತೋರಿಸುತ್ತ, ಕೆಲವರಿಗೆ ಪಕ್ಷನಾಯಕರಲ್ಲೊಬ್ಬರಾದ ಬ್ರೌನರ ಕಡೆಗೂ ಕೆಲವರಿಗೆ ಇನ್ನೊಬ್ಬ ನಾಯಕ ಕ್ಲೆಗ್ಗರ ಕಡೆಗೂ ವಾಲಿಸಿದ ಕೃತಕ ಗೆರೆಯನ್ನು ಗುಟ್ಟಾಗಿ ಸೇರಿಸಿದಾಗ, ಗೆದ್ದವರಾರೆಂಬ ತೀರ್ಪು ಗೆರೆಯ ಬೆನ್ನು ಹತ್ತಿ ಹೋಯಿತು. ಅಳೆಯುವ ಕೋಲೇ ಅಳತೆಯನ್ನು ತಿದ್ದಿದಂತಾಯಿತು. ಇದಕ್ಕೆ ವ್ಯತಿರಿಕ್ತವಾಗಿ, ಅದಕ್ಕೂ ಮೊದಲೇ 1996ರಲ್ಲಿ ಡಯಾನಾ ಕಾರ್ಲಿನ್ ಮುಂತಾದವರು, ಸಂವಾದ ಮುಗಿದೊಡನೆ ಟಿವಿಯನ್ನು ಆರಿಸಿ, ವ್ಯಾಖ್ಯಾನಕಾರರಿಗೆ ಕಿವಿಗೊಡದೆ, ನಾಗರಿಕರೇ ಗುಂಪುಗೂಡಿ ಚರ್ಚಿಸುವ ಕಾರ್ಯಕ್ರಮವನ್ನು ದೇಶದಾದ್ಯಂತ ಏರ್ಪಡಿಸಿದರು. ಲಾವಣಿ ಕೇಳಿದ ಮರುದಿನ ನಮ್ಮವರು ಮಾಡುತ್ತಿದ್ದುದು ಇದನ್ನೇ.

ಭಾರತದಲ್ಲಿ ಸಂವಾದವಿಲ್ಲದ ಕಾರಣ ಅದರ ಅಧ್ಯಯನವೂ ಇಲ್ಲ. ಮತದಾರನ ಮನಸ್ಸಿನ ಅಧ್ಯಯನವುಂಟು. ಮೈಸೂರಿನವರೇ ಆದ ಎಂ. ಎನ್. ಶ್ರೀನಿವಾಸರು 1955ರಲ್ಲಿ ಹಳ್ಳಿಯೊಂದರ ಸಮಾಜವನ್ನು ವರ್ಣಿಸುತ್ತ ‘ವೋಟ್ ಬ್ಯಾಂಕ್’ ಎಂಬ ಶಬ್ದವನ್ನು ಬಳಕೆಗೆ ತಂದರು. ಊರ ಪ್ರಮುಖನ ಮಾತಿನಂತೆ ಆಳುಹೋಳುಗಳ ಮತ ಬೀಳುವುದನ್ನು ಅವರು ಕಂಡಿದ್ದರು. ರಜನಿ ಕೊಠಾರಿಯವರು 1963ರಲ್ಲಿ ದೆಹಲಿಯಲ್ಲಿ ಸ್ಥಾಪಿಸಿದ ಕೇಂದ್ರವು 1967ರಿಂದ ರಾಷ್ಟ್ರೀಯ ಚುನಾವಣಾ ಸಮೀಕ್ಷೆಗಳನ್ನು ಕೈಗೊಂಡಿತು. ಆದರೂ ಕರ್ನಾಟಕದ ಮತದಾರ ಸಮೀಕ್ಷಕರನ್ನು ಮೀರಿದ ಪಾಠ ಹೇಳಿಕೊಟ್ಟದ್ದುಂಟು: 1984ರ ಡಿಸೆಂಬರಿನಲ್ಲಿ 28 ಲೋಕಸಭಾ ಸ್ಥಾನಗಳಲ್ಲಿ 24ನ್ನು ಕಾಂಗ್ರೆಸ್ಸಿಗೆ ಕೊಟ್ಟ ಜನವೇ, ಮೂರು ತಿಂಗಳೊಳಗಾಗಿ ವಿಧಾನಸಭೆಯ 224ರಲ್ಲಿ 139ನ್ನು ಹೆಗಡೆಯವರ ಜನತಾಪಕ್ಷಕ್ಕೆ ಕೊಟ್ಟರು. 1999ರಲ್ಲಿ ಬಳ್ಳಾರಿಯಲ್ಲಿ ಸುಷ್ಮಾ ಸ್ವರಾಜರು ಕೆಲವೇ ದಿನಗಳಲ್ಲಿ ಕನ್ನಡ ಕಲಿತು ಭಾಷಣ ಮಾಡಿ ಕೇಳಿದವರನ್ನು ಬೆರಗುಗೊಳಿಸಿದರು. ಜನ ಚಪ್ಪಾಳೆಯನ್ನು ಅವರಿಗೆ ಕೊಟ್ಟು, ಐವತ್ತಾರು ಸಾವಿರದಷ್ಟು ಮತಗಳ ಮುನ್ನಡೆಯನ್ನು ಸೋನಿಯಾ ಗಾಂಧಿಯವರಿಗೆ ಕೊಟ್ಟರು. ಮೆಚ್ಚುವುದು ಬೇರೆ, ಮತ ಹಾಕುವುದು ಬೇರೆ.

ಚಿಕ್ಕೋಡಿ ಲೋಕಸಭಾ ಕ್ಷೇತ್ರವನ್ನು ನೋಡಿ. 2009ರಲ್ಲಿ ಬಿಜೆಪಿಯ ರಮೇಶ ಕತ್ತಿ. 2014ರಲ್ಲಿ ಕೇವಲ ಮೂರು ಸಾವಿರದಷ್ಟು ಮತಗಳ ಅಂತರದಿಂದ ಕಾಂಗ್ರೆಸ್ಸಿನ ಪ್ರಕಾಶ ಹುಕ್ಕೇರಿ. 2019ರಲ್ಲಿ ಬಿಜೆಪಿಯ ಅಣ್ಣಾಸಾಹೇಬ ಜೊಲ್ಲೆ. 2024ರಲ್ಲಿ ತೊಂಬತ್ತು ಸಾವಿರ ಮೀರಿದ ಅಂತರದಿಂದ ಕಾಂಗ್ರೆಸ್ಸಿನ ಪ್ರಿಯಾಂಕಾ ಜಾರಕಿಹೊಳಿ. ಅದೇ ಅವಧಿಯಲ್ಲಿ ನಿಪ್ಪಾಣಿಯ ವಿಧಾನಸಭಾ ಕ್ಷೇತ್ರವು 2013, 2018, 2023ರಲ್ಲಿ ಶಶಿಕಲಾ ಜೊಲ್ಲೆಯವರನ್ನೇ ಕಳುಹಿಸಿತು. ಈ ಏರುಪೇರುಗಳ ಹಿಂದೆ ಯಾವ ಮಾತು ಕೆಲಸ ಮಾಡಿತೆಂಬುದನ್ನು ಅರಿಯಬೇಕಾದರೆ, ಇಲ್ಲಿನ ಮನೆಯೊಂದರಲ್ಲಿ ರಾತ್ರಿಯ ವಾರ್ತೆ ಕನ್ನಡದ್ದೋ ಮರಾಠಿಯದ್ದೋ ಎಂಬುದರಿಂದ ಮೊದಲು ಮಾಡಬೇಕು; ಕಬ್ಬಿನ ಬಿಲ್ಲು ಬಂದಿಲ್ಲದ ರೈತನು ಕಾರ್ಖಾನೆಯ ಸಂಗತಿಯನ್ನು ಯಾರ ಬಾಯಿಂದ ಕೇಳಿ ನಂಬುತ್ತಾನೆಂಬುದನ್ನು ಆಮೇಲೆ ವಿಚಾರಿಸಬೇಕು. 1981ರಲ್ಲಿ ಶರದ್ ಜೋಶಿಯವರ ಮುಂದಾಳತ್ವದಲ್ಲಿ ತಂಬಾಕು ಬೆಳೆಗಾರರು ನಿಪ್ಪಾಣಿಯ ಹೆದ್ದಾರಿಯಲ್ಲಿ ಕುಳಿತದ್ದೂ, ಏಪ್ರಿಲ್ 6ರ ಗೋಲೀಬಾರಿನಲ್ಲಿ ರೈತರು ಮಡಿದದ್ದೂ ಹಿರಿಯರ ನೆನಪಿನಿಂದ ಇನ್ನೂ ಅಳಿದಿಲ್ಲ. ಬೆಲೆಯ ಬಗ್ಗೆ ಯಾವ ನಾಯಕ ಏನು ನುಡಿದರೂ ಅವರು ಅದನ್ನು ಆ ನೆನಪಿನ ಪಕ್ಕದಲ್ಲಿಟ್ಟೇ ತೂಗುತ್ತಾರೆ. ಹಸಿರು ಕೆಂಪು ಗುಂಡಿಗಳಿಗೆ ಇದು ನಿಲುಕುವುದಿಲ್ಲ.

ನಾಯಕರ ನೇರ ಸಂವಾದವಾದರೂ ಇಲ್ಲಿ ಬಂದೀತೇ? 1977ರಲ್ಲಿ ಮೊದಲಾಗಿ ಮಾನ್ಯತೆ ಪಡೆದ ಪಕ್ಷಗಳಿಗೆ ಆಕಾಶವಾಣಿಯಲ್ಲಿ ಮಾತಾಡಲು ಅವಕಾಶ ದೊರೆತಾಗ, ಧಾರವಾಡ ನಿಲಯಕ್ಕೆ ಕಿವಿಗೊಟ್ಟು ಕೂತ ಹಳ್ಳಿಗರಿಗೆ ಕೇಳಿಸಿದ್ದು ಮೊದಲೇ ಬರೆದು ಒಪ್ಪಿಸಿದ ಏಕಮುಖ ಭಾಷಣ. ಚುನಾವಣಾ ಆಯೋಗದ 1998ರ ಯೋಜನೆಯಲ್ಲಿ ಪಕ್ಷಗಳ ಪ್ರತಿನಿಧಿಗಳ ಗೋಷ್ಠಿಗೂ ಸ್ಥಾನ ಕಲ್ಪಿಸಲಾಗಿದೆಯಾದರೂ ಪ್ರತಿನಿಧಿಗಳು ಬಂದಾರೇ ಹೊರತು ನಾಯಕರಲ್ಲ. 2024ರಲ್ಲಿ ನಿವೃತ್ತ ನ್ಯಾಯಮೂರ್ತಿಗಳಾದ ಮದನ್ ಲೋಕುರ್ ಮತ್ತು ಎ. ಪಿ. ಶಾ ಅವರೂ ಪತ್ರಕರ್ತ ಎನ್. ರಾಮ್ ಅವರೂ ನರೇಂದ್ರ ಮೋದಿ ಮತ್ತು ರಾಹುಲ್ ಗಾಂಧಿ ಇಬ್ಬರನ್ನೂ ಬಹಿರಂಗ ಸಂವಾದಕ್ಕೆ ಕರೆದು ಪತ್ರ ಬರೆದರು; ರಾಹುಲ್ ಗಾಂಧಿ ಒಪ್ಪಿದರು; ಬೆಂಗಳೂರು ದಕ್ಷಿಣದ ಲೋಕಸಭಾ ಸದಸ್ಯರಾದ ತೇಜಸ್ವಿ ಸೂರ್ಯ ತಮ್ಮ ಪಕ್ಷದ ಯುವಮೋರ್ಚಾದಿಂದ ಬೇರೊಬ್ಬರನ್ನು ವಾದಕ್ಕೆ ನಿಲ್ಲಿಸುವುದಾಗಿ ಉತ್ತರವಿತ್ತರು; ಸಂವಾದ ನಡೆಯಲಿಲ್ಲ. ಆ ಪತ್ರದ ಮೇಲಿದ್ದ ದಿನಾಂಕ ಮೇ 9. ಚಿಕ್ಕೋಡಿಯ ಮತದಾನ ಮೇ 7ಕ್ಕೇ ಮುಗಿದಿತ್ತು.