ಫೈಲ್ ಷೇರಿಂಗ್ ತಾಣಗಳು ಬಾಗಿಲು ಮುಚ್ಚುವುದೇಕೆ? ನ್ಯಾಪ್‌ಸ್ಟರ್‌ನಿಂದ ಭಾರತದ ಕೋರ್ಟ್ ಆದೇಶಗಳವರೆಗೆ

ಹಾಡು, ಸಿನಿಮಾ, ಸಾಫ್ಟ್‌ವೇರ್ ಹಂಚಿಕೊಳ್ಳಲು ಜನ ಬಳಸುತ್ತಿದ್ದ ವೆಬ್‌ಸೈಟ್ ಒಂದು ರಾತ್ರೋರಾತ್ರಿ ಕಾಣೆಯಾದರೆ, ಅದರ ಹಿಂದೆ ಸಾಮಾನ್ಯವಾಗಿ ಒಂದು ಮೊಕದ್ದಮೆ ಇರುತ್ತದೆ. ಆದರೆ ಆ ಮೊಕದ್ದಮೆಯಲ್ಲಿ ತೀರ್ಪು ಬಂದಿರಲೇಬೇಕು ಎಂದೇನಿಲ್ಲ. ಕಳೆದ ಎರಡೂವರೆ ದಶಕಗಳಲ್ಲಿ ಮುಚ್ಚಿದ ಹೆಸರಾಂತ ತಾಣಗಳಲ್ಲಿ ಹಲವು ಅಂತಿಮ ತೀರ್ಪು ಹೊರಬೀಳುವ ಮೊದಲೇ ಬಾಗಿಲು ಎಳೆದವು. ವಕೀಲರ ಶುಲ್ಕ, ಕೋಟಿಗಟ್ಟಲೆ ಡಾಲರ್ ಪರಿಹಾರದ ಭಯ ಮತ್ತು ರಾಜಿ ಒಪ್ಪಂದಗಳು ಆ ಕೆಲಸ ಮುಗಿಸಿದ್ದವು. ಈ ಹೋರಾಟ ಎಲ್ಲಿಂದ ಶುರುವಾಯಿತು, ಭಾರತಕ್ಕೆ ಹೇಗೆ ಬಂತು, ಬಳಕೆದಾರರಿಗೆ ಇದರಿಂದ ಏನಾಗುತ್ತದೆ ಎಂಬುದರ ವಿವರ ಇಲ್ಲಿದೆ.

ನ್ಯಾಪ್‌ಸ್ಟರ್‌ಗೆ ಬಿದ್ದ ಮೊದಲ ಏಟು

1999ರ ಜೂನ್‌ನಲ್ಲಿ ಅಮೆರಿಕದ ಶಾನ್ ಫ್ಯಾನಿಂಗ್ ಮತ್ತು ಶಾನ್ ಪಾರ್ಕರ್ ಎಂಬ ಇಬ್ಬರು ಯುವಕರು ನ್ಯಾಪ್‌ಸ್ಟರ್ ಆರಂಭಿಸಿದರು. ಒಬ್ಬರ ಕಂಪ್ಯೂಟರಿನಲ್ಲಿರುವ ಎಂಪಿ3 ಹಾಡನ್ನು ಇನ್ನೊಬ್ಬರು ನೇರವಾಗಿ ಇಳಿಸಿಕೊಳ್ಳಲು ಅದು ನೆರವಾಗುತ್ತಿತ್ತು. ಹಾಡುಗಳು ನ್ಯಾಪ್‌ಸ್ಟರ್ ಬಳಿ ಇರಲಿಲ್ಲ. ಯಾವ ಹಾಡು ಯಾರ ಕಂಪ್ಯೂಟರಿನಲ್ಲಿದೆ ಎಂಬ ಪಟ್ಟಿ ಮಾತ್ರ ಅದರ ಸರ್ವರ್‌ಗಳಲ್ಲಿತ್ತು.

ಅದೇ ವರ್ಷದ ಡಿಸೆಂಬರ್‌ನಲ್ಲಿ ಸಂಗೀತ ಕಂಪನಿಗಳು ತಮ್ಮ ಸಂಘ ಆರ್‌ಐಎಎ ನೇತೃತ್ವದಲ್ಲಿ ಮೊಕದ್ದಮೆ ಹೂಡಿದವು. 2000ದಲ್ಲಿ ಮೆಟಾಲಿಕಾ ತಂಡವೂ ಪ್ರತ್ಯೇಕ ದಾವೆ ಹಾಕಿ, ತನ್ನ ಹಾಡು ಹಂಚುತ್ತಿದ್ದ 3 ಲಕ್ಷಕ್ಕೂ ಹೆಚ್ಚು ಬಳಕೆದಾರರ ಪಟ್ಟಿಯನ್ನು ಕಂಪನಿಯ ಕೈಗಿತ್ತಿತು. 2001ರ ಫೆಬ್ರವರಿಯಲ್ಲಿ ಮೇಲ್ಮನವಿ ನ್ಯಾಯಾಲಯ ನ್ಯಾಪ್‌ಸ್ಟರ್ ವಿರುದ್ಧ ನಿಂತಿತು. ಉಲ್ಲಂಘನೆ ನಡೆಯುತ್ತಿದೆ ಎಂದು ಗೊತ್ತಿದ್ದೂ, ತಡೆಯುವ ಶಕ್ತಿ ಇದ್ದೂ ತಡೆಯಲಿಲ್ಲ ಎಂಬುದು ಅದರ ತಿರುಳು. ಜುಲೈ ಹೊತ್ತಿಗೆ ಸೇವೆ ನಿಂತಿತು. 2002ರಲ್ಲಿ ಕಂಪನಿ ದಿವಾಳಿ ಅರ್ಜಿ ಸಲ್ಲಿಸಿತು.

ತೀರ್ಪಿಗಿಂತ ವಿಚಾರಣೆಯೇ ದುಬಾರಿ

ಅಮೆರಿಕದ ಕಾಪಿರೈಟ್ ಕಾನೂನಿನಲ್ಲಿ ನಷ್ಟ ಎಷ್ಟಾಯಿತು ಎಂದು ಲೆಕ್ಕ ಹಾಕಿ ತೋರಿಸದೆಯೂ ಪರಿಹಾರ ಕೇಳಬಹುದು. ಒಂದು ಕೃತಿಗೆ 750ರಿಂದ 30 ಸಾವಿರ ಡಾಲರ್‌ವರೆಗೆ, ಬೇಕೆಂದೇ ಮಾಡಿದ ಉಲ್ಲಂಘನೆಯಾದರೆ 1.5 ಲಕ್ಷ ಡಾಲರ್‌ವರೆಗೆ ಕೋರ್ಟ್ ವಿಧಿಸಬಹುದು. ಸಾವಿರ ಹಾಡುಗಳ ಪ್ರಶ್ನೆ ಬಂದರೆ ಈ ಮೊತ್ತ 15 ಕೋಟಿ ಡಾಲರ್ ಮುಟ್ಟುತ್ತದೆ. ಲಕ್ಷಾಂತರ ಫೈಲ್‌ಗಳಿಗೆ ದಾರಿ ತೋರಿಸುವ ಸಣ್ಣ ಕಂಪನಿಗೆ ಸೋಲುವ ಸಾಧ್ಯತೆ ಎಷ್ಟೇ ಕಡಿಮೆ ಇದ್ದರೂ, ಸೋತರೆ ಉಳಿಗಾಲವಿಲ್ಲ.

ಸ್ಕೌರ್ ಎಂಬ ತಾಣದ ಕಥೆ ಇದಕ್ಕೆ ಒಳ್ಳೆಯ ಉದಾಹರಣೆ. 2000ದ ಜುಲೈನಲ್ಲಿ ಸಿನಿಮಾ ಮತ್ತು ಸಂಗೀತ ಕಂಪನಿಗಳು ಸೇರಿ ಅದರ ಮೇಲೆ ಮೊಕದ್ದಮೆ ಹೂಡಿದವು. ಹೂಡಿಕೆದಾರರು ಹಿಂದೆ ಸರಿದರು. ಅಕ್ಟೋಬರ್‌ನಲ್ಲಿ ಕಂಪನಿ ದಿವಾಳಿಯಾಯಿತು. ಅದು ಕಾನೂನು ಮುರಿದಿತ್ತೇ ಇಲ್ಲವೇ ಎಂದು ಯಾವ ನ್ಯಾಯಾಧೀಶರೂ ತೀರ್ಮಾನಿಸಲಿಲ್ಲ.

ಲೋಕಿಟೊರೆಂಟ್ ಎಂಬ ತಾಣ ಹೋರಾಡುವುದಾಗಿ ಹೇಳಿ ಬಳಕೆದಾರರಿಂದ ದೇಣಿಗೆ ಸಂಗ್ರಹಿಸಿತು. ಕೊನೆಗೆ 2005ರ ಫೆಬ್ರವರಿಯಲ್ಲಿ ಹಾಲಿವುಡ್ ಸ್ಟುಡಿಯೋಗಳ ಸಂಘ ಎಂಪಿಎಎ ಮುಂದೆ ಮಣಿಯಿತು. ತಾಣದ ಜೊತೆಗೆ ಅದರ ಸರ್ವರ್ ದಾಖಲೆಗಳೂ ಸ್ಟುಡಿಯೋಗಳ ಪಾಲಾದವು. ದೇಣಿಗೆ ಕೊಟ್ಟವರ ಜಾಡೇ ಎದುರಾಳಿಯ ಕೈ ಸೇರುವ ಆತಂಕ ಆಗ ಮೂಡಿತ್ತು. ಆ ಆತಂಕಕ್ಕೆ ಕಾರಣವೂ ಇತ್ತು. 2003ರ ಸೆಪ್ಟೆಂಬರ್‌ನಿಂದ ಸಂಗೀತ ಕಂಪನಿಗಳು ಸಾಮಾನ್ಯ ಬಳಕೆದಾರರ ಮೇಲೂ ಮೊಕದ್ದಮೆ ಹೂಡತೊಡಗಿದ್ದವು. ಮೊದಲ ಕಂತಿನಲ್ಲೇ 12 ವರ್ಷದ ಬಾಲಕಿಯೊಬ್ಬಳ ಹೆಸರಿತ್ತು. ಆಕೆಯ ತಾಯಿ 2 ಸಾವಿರ ಡಾಲರ್ ಕೊಟ್ಟು ರಾಜಿ ಮಾಡಿಕೊಂಡರು.

ತಪ್ಪು ಉಪಕರಣದ್ದೋ, ಬಳಸಿದವರದ್ದೋ?

ಈ ಎಲ್ಲ ವ್ಯಾಜ್ಯಗಳ ಮೂಲ ಪ್ರಶ್ನೆ ಇಂಟರ್ನೆಟ್‌ಗಿಂತ ಹಳೆಯದು. ಮನೆಯಲ್ಲಿ ಟಿವಿ ಕಾರ್ಯಕ್ರಮ ರೆಕಾರ್ಡ್ ಮಾಡುವ ಸೋನಿಯ ಬೀಟಾಮ್ಯಾಕ್ಸ್ ಯಂತ್ರದ ವಿರುದ್ಧ ಹಾಲಿವುಡ್ ಸ್ಟುಡಿಯೋಗಳು ಕೋರ್ಟ್‌ಗೆ ಹೋಗಿದ್ದವು. ಕಾನೂನುಬದ್ಧವಾದ ಗಣನೀಯ ಬಳಕೆ ಇರುವ ಯಂತ್ರವನ್ನು ಮಾರಿದ ಮಾತ್ರಕ್ಕೆ ತಯಾರಕರನ್ನು ಹೊಣೆ ಮಾಡುವಂತಿಲ್ಲ ಎಂದು 1984ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ 5-4ರ ಬಹುಮತದಿಂದ ಹೇಳಿತು.

ನ್ಯಾಪ್‌ಸ್ಟರ್ ನಂತರ ಬಂದ ಗ್ರೋಕ್‌ಸ್ಟರ್ ಇದೇ ತೀರ್ಪನ್ನು ಆಶ್ರಯಿಸಿತು. ಪಟ್ಟಿಯನ್ನೂ ತನ್ನ ಬಳಿ ಇಟ್ಟುಕೊಳ್ಳದೆ ಬರೀ ಸಾಫ್ಟ್‌ವೇರ್ ಹಂಚಿತು. ಆದರೆ 2005ರ ಜೂನ್ 27ರಂದು ಸುಪ್ರೀಂ ಕೋರ್ಟಿನ ಒಂಬತ್ತೂ ನ್ಯಾಯಮೂರ್ತಿಗಳು ಒಮ್ಮತದಿಂದ ಹೊಸ ಅಳತೆಗೋಲು ಹಾಕಿದರು. ಉಲ್ಲಂಘನೆಗೆ ಜನರನ್ನು ಪ್ರಚೋದಿಸುವ ಉದ್ದೇಶದಿಂದಲೇ ಉಪಕರಣ ಹಂಚಿದರೆ ಹಂಚಿದವರೂ ಹೊಣೆ ಎಂಬುದು ಆ ತೀರ್ಪು. ನವೆಂಬರ್‌ನಲ್ಲಿ ಗ್ರೋಕ್‌ಸ್ಟರ್ 5 ಕೋಟಿ ಡಾಲರ್ ಪರಿಹಾರಕ್ಕೆ ಒಪ್ಪಿ ಮುಚ್ಚಿತು. 2006ರಲ್ಲಿ ಇಡಾಂಕಿ 3 ಕೋಟಿ ಡಾಲರ್‌ಗೆ ರಾಜಿಯಾಯಿತು. 2010ರಲ್ಲಿ ಲೈಮ್‌ವೈರ್ ಮೇಲೆ ತಡೆಯಾಜ್ಞೆ ಬಂತು, ಮರುವರ್ಷ ಅದು 10.5 ಕೋಟಿ ಡಾಲರ್ ಕೊಡಲು ಒಪ್ಪಿತು.

ಫೈಲ್ ಇಲ್ಲದ ತಾಣಗಳ ಕಾಲ

ಒಂದೊಂದು ತಾಣ ಮುಚ್ಚಿದಾಗಲೂ ತಂತ್ರಜ್ಞಾನ ಇನ್ನೊಂದು ಹೆಜ್ಜೆ ದೂರ ಸರಿಯಿತು. ಬ್ರಾಮ್ ಕೊಹೆನ್ 2001ರಲ್ಲಿ ರೂಪಿಸಿದ ಬಿಟ್‌ಟೊರೆಂಟ್ ಒಂದು ದೊಡ್ಡ ಫೈಲನ್ನು ಸಣ್ಣ ಚೂರುಗಳಾಗಿ ಒಡೆದು ಸಾವಿರಾರು ಜನರ ನಡುವೆ ಹಂಚುತ್ತದೆ. ಟೊರೆಂಟ್ ತಾಣದಲ್ಲಿ ಸಿಗುವುದು ಆ ಚೂರುಗಳನ್ನು ಹುಡುಕಲು ಬೇಕಾದ ಪುಟ್ಟ ಕಡತ ಮಾತ್ರ. ಲಿನಕ್ಸ್‌ನಂಥ ಮುಕ್ತ ಸಾಫ್ಟ್‌ವೇರ್‌ಗಳೂ ಇದೇ ವಿಧಾನದಲ್ಲಿ ಹಂಚಿಕೆಯಾಗುತ್ತವೆ. ಹಾಗಾಗಿ ತಂತ್ರಜ್ಞಾನಕ್ಕೆ ನಿಷೇಧ ಬೀಳಲಿಲ್ಲ. ಏಟು ಬಿದ್ದದ್ದು ಸೂಚಿ ಇಟ್ಟುಕೊಂಡ ತಾಣಗಳ ಮೇಲೆ.

ಸೂಪರ್‌ನೋವಾ 2004ರ ಡಿಸೆಂಬರ್‌ನಲ್ಲಿ ಮುಚ್ಚಿತು. ಕೆನಡಾದಿಂದ ನಡೆಯುತ್ತಿದ್ದ ಐಸೋಹಂಟ್ 2006ರಿಂದ ಏಳು ವರ್ಷ ಹೋರಾಡಿ, 2013ರ ಅಕ್ಟೋಬರ್‌ನಲ್ಲಿ 11 ಕೋಟಿ ಡಾಲರ್ ಒಪ್ಪಂದಕ್ಕೆ ಸಹಿ ಹಾಕಿತು. ಸ್ವೀಡನ್ನಿನ ಪೈರೇಟ್ ಬೇ ಮಾತ್ರ ಬೇರೆ ಜಾತಿಯದ್ದು. 2006ರ ಮೇ 31ರಂದು ಪೊಲೀಸರು ಅದರ ಸರ್ವರ್‌ಗಳನ್ನು ಹೊತ್ತೊಯ್ದರು. ಮೂರೇ ದಿನಗಳಲ್ಲಿ ತಾಣ ಮರಳಿ ಬಂತು. 2009ರ ಏಪ್ರಿಲ್‌ನಲ್ಲಿ ಸ್ಟಾಕ್‌ಹೋಮ್ ನ್ಯಾಯಾಲಯ ನಾಲ್ವರಿಗೆ ತಲಾ ಒಂದು ವರ್ಷ ಜೈಲು ಮತ್ತು 3 ಕೋಟಿ ಕ್ರೋನಾ ಪರಿಹಾರ ವಿಧಿಸಿತು. ಆಮೇಲೂ ತಾಣ ನಿಲ್ಲಲಿಲ್ಲ.

ಮೆಗಾಅಪ್‌ಲೋಡ್: ಅಮಾಯಕರ ಫೈಲ್‌ಗಳ ಗತಿ

2012ರ ಜನವರಿ 18ರಂದು, ಅಮೆರಿಕ ತರಲು ಹೊರಟಿದ್ದ ಕಠಿಣ ಪೈರಸಿ ವಿರೋಧಿ ಮಸೂದೆಗಳನ್ನು ಪ್ರತಿಭಟಿಸಿ ಇಂಗ್ಲಿಷ್ ವಿಕಿಪೀಡಿಯ ಒಂದು ದಿನ ಕತ್ತಲಾಯಿತು. ಮರುದಿನವೇ ಅಮೆರಿಕ ಸರ್ಕಾರ ಮೆಗಾಅಪ್‌ಲೋಡ್ ತಾಣವನ್ನು ವಶಪಡಿಸಿಕೊಂಡಿತು. ಸ್ಥಾಪಕ ಕಿಮ್ ಡಾಟ್‌ಕಾಮ್ ನ್ಯೂಜಿಲೆಂಡ್‌ನಲ್ಲಿ ಬಂಧನಕ್ಕೊಳಗಾದರು. ತಾಣ ಕಾಪಿರೈಟ್ ಮಾಲೀಕರಿಗೆ 50 ಕೋಟಿ ಡಾಲರ್‌ಗೂ ಹೆಚ್ಚು ನಷ್ಟ ಮಾಡಿದೆ ಎಂಬುದು ಆರೋಪಪಟ್ಟಿಯ ಮಾತು.

ಈ ಪ್ರಕರಣ ಇನ್ನೊಂದು ಪ್ರಶ್ನೆಯನ್ನೂ ಎತ್ತಿತು. ಮೆಗಾಅಪ್‌ಲೋಡ್‌ನಲ್ಲಿ ಸಿನಿಮಾಗಳಷ್ಟೇ ಅಲ್ಲ, ಜನರ ಸ್ವಂತ ಫೋಟೊ, ದಾಖಲೆ, ಕಚೇರಿ ಕಡತಗಳೂ ಇದ್ದವು. ಸರ್ವರ್ ನಿಂತಾಗ ಅವೂ ನಿಂತವು. ಓಹಿಯೋ ರಾಜ್ಯದಲ್ಲಿ ಶಾಲಾ ಕ್ರೀಡೆಗಳನ್ನು ಚಿತ್ರೀಕರಿಸುತ್ತಿದ್ದ ವ್ಯಕ್ತಿಯೊಬ್ಬರು, ತಾವೇ ತೆಗೆದ ವಿಡಿಯೋಗಳನ್ನು ಮರಳಿಸಿ ಎಂದು ಕೋರ್ಟಿನ ಮೊರೆ ಹೋದರು. ಯಾವ ತಪ್ಪೂ ಮಾಡದವರ ಸ್ವತ್ತು ತಾಣದ ಜೊತೆಗೆ ಮುಳುಗಿದರೆ ಹೊಣೆ ಯಾರದು ಎಂಬುದಕ್ಕೆ ಇಂದಿಗೂ ಸ್ಪಷ್ಟ ನಿಯಮವಿಲ್ಲ. ಡಾಟ್‌ಕಾಮ್ ಅವರನ್ನು ಅಮೆರಿಕಕ್ಕೆ ಒಪ್ಪಿಸುವ ಆದೇಶಕ್ಕೆ ನ್ಯೂಜಿಲೆಂಡ್ ಸಚಿವರ ಸಹಿ ಬಿದ್ದದ್ದು 2024ರ ಆಗಸ್ಟ್‌ನಲ್ಲಿ, ಬಂಧನವಾಗಿ 12 ವರ್ಷಗಳ ನಂತರ.

ಭಾರತದಲ್ಲಿ ಬೇರೆಯೇ ದಾರಿ

ಭಾರತದಲ್ಲಿ ಮೊದಲ ದೊಡ್ಡ ಸದ್ದು ಕೇಳಿಬಂದದ್ದು ಬೆಂಗಳೂರಿನಿಂದ. 2010ರ ಏಪ್ರಿಲ್‌ನಲ್ಲಿ ಟಿ-ಸೀರೀಸ್ ದೂರಿನ ಮೇಲೆ, ನಗರದ ಗುರುಜಿ ಡಾಟ್ ಕಾಮ್ ಎಂಬ ಸರ್ಚ್ ಎಂಜಿನ್‌ನ ಮುಖ್ಯಸ್ಥರನ್ನು ಪೊಲೀಸರು ಬಂಧಿಸಿದರು. ಅದರ ಸಂಗೀತ ಹುಡುಕಾಟ ವಿಭಾಗ ಅನಧಿಕೃತ ಹಾಡುಗಳತ್ತ ಜನರನ್ನು ಕಳುಹಿಸುತ್ತಿದೆ ಎಂಬುದು ಆರೋಪ. ಹಾಡು ಇಟ್ಟುಕೊಂಡವರ ಜೊತೆ ಹಾಡಿರುವ ಜಾಗ ತೋರಿಸಿದವರೂ ತಪ್ಪಿತಸ್ಥರೇ ಎಂಬ ನ್ಯಾಪ್‌ಸ್ಟರ್ ಕಾಲದ ಪ್ರಶ್ನೆ ಇಲ್ಲೂ ಎದ್ದಿತು. 2016ರ ಡಿಸೆಂಬರ್‌ನಲ್ಲಿ ಮೈಸ್ಪೇಸ್ ಪ್ರಕರಣದಲ್ಲಿ ದೆಹಲಿ ಹೈಕೋರ್ಟ್ ಇದಕ್ಕೆ ಸಂಬಂಧಿಸಿದ ಒಂದು ಗೆರೆ ಎಳೆಯಿತು. ಎಲ್ಲೋ ಉಲ್ಲಂಘನೆ ನಡೆಯುತ್ತಿರಬಹುದು ಎಂಬ ಸಾಮಾನ್ಯ ತಿಳಿವಳಿಕೆ ಸಾಲದು, ನಿರ್ದಿಷ್ಟ ಕೃತಿಯ ಬಗ್ಗೆ ಖಚಿತ ಮಾಹಿತಿ ಇದ್ದಾಗ ಮಾತ್ರ ಮಧ್ಯವರ್ತಿ ತಾಣ ಹೊಣೆಯಾಗುತ್ತದೆ ಎಂದಿತು.

ವಿದೇಶದಲ್ಲಿ ಸರ್ವರ್ ಇಟ್ಟ ತಾಣಗಳನ್ನು ಇಲ್ಲಿಂದ ಮುಚ್ಚಿಸುವುದು ಕಷ್ಟ. ಹಾಗಾಗಿ ಭಾರತದ ನಿರ್ಮಾಪಕರು ಇಂಟರ್ನೆಟ್ ಸೇವೆ ಕೊಡುವ ಕಂಪನಿಗಳ ಮೂಲಕ ತಾಣಗಳನ್ನು ತಡೆಯುವ ದಾರಿ ಹಿಡಿದರು. ಅಪರಿಚಿತ ಆರೋಪಿಗಳ ವಿರುದ್ಧ ಸಿನಿಮಾ ಬಿಡುಗಡೆಗೆ ಮೊದಲೇ ಪಡೆಯುವ ಇಂಥ ಆದೇಶಗಳಿಗೆ ‘ಜಾನ್ ಡೋ’ ಅಥವಾ ‘ಅಶೋಕ್ ಕುಮಾರ್’ ಆದೇಶ ಎಂದು ಹೆಸರು. 2012ರಲ್ಲಿ ‘3’ ಎಂಬ ತಮಿಳು ಚಿತ್ರಕ್ಕೆ ಮದ್ರಾಸ್ ಹೈಕೋರ್ಟ್ ಕೊಟ್ಟ ಆದೇಶದ ಬೆನ್ನಲ್ಲೇ ಪೈರೇಟ್ ಬೇ ಜೊತೆಗೆ ವಿಮಿಯೊ, ಡೈಲಿಮೋಷನ್‌ನಂಥ ಸಕ್ರಮ ತಾಣಗಳೂ ಹಲವೆಡೆ ತೆರೆಯದಾದವು. ಕೊನೆಗೆ ಜೂನ್‌ನಲ್ಲಿ ಕೋರ್ಟ್, ತಡೆಯಬೇಕಾದದ್ದು ನಿರ್ದಿಷ್ಟ ಲಿಂಕ್‌ಗಳನ್ನು, ಇಡೀ ತಾಣವನ್ನಲ್ಲ ಎಂದು ಸ್ಪಷ್ಟಪಡಿಸಿತು. 2016ರಲ್ಲಿ ‘ಢಿಶೂಮ್’ ಹಿಂದಿ ಚಿತ್ರದ ಪ್ರಕರಣದಲ್ಲಿ ಬಾಂಬೆ ಹೈಕೋರ್ಟ್ ಕೂಡ ಸಾರಾಸಗಟು ತಡೆಗೆ ಒಪ್ಪದೆ, ಪರಿಶೀಲಿಸಿದ ಲಿಂಕ್‌ಗಳ ಪಟ್ಟಿ ಕೇಳಿತು.

2019ರ ಏಪ್ರಿಲ್ 10ರಂದು ದೆಹಲಿ ಹೈಕೋರ್ಟ್ ಇನ್ನೊಂದು ತಿರುವು ಕೊಟ್ಟಿತು. ಮುಖ್ಯವಾಗಿ ಪೈರಸಿಗೆಂದೇ ಇರುವ ತಾಣಗಳನ್ನು ಪೂರ್ತಿಯಾಗಿ ತಡೆಯಬಹುದು, ಅವು ಹೆಸರು ಬದಲಿಸಿ ಬಂದರೆ ಹೊಸ ದಾವೆ ಇಲ್ಲದೆಯೇ ಆದೇಶವನ್ನು ವಿಸ್ತರಿಸಬಹುದು ಎಂದಿತು. 2023ರಲ್ಲಿ ಅದೇ ಕೋರ್ಟ್ ಇನ್ನೂ ತಯಾರಾಗದ ಕೃತಿಗಳಿಗೂ ಈ ರಕ್ಷಣೆ ವಿಸ್ತರಿಸಿತು.

ಓದುಗರು ತಿಳಿದಿರಬೇಕಾದದ್ದು

* ಭಾರತದ ಕಾಪಿರೈಟ್ ಕಾಯ್ದೆಯ 63ನೇ ಸೆಕ್ಷನ್ ಪ್ರಕಾರ ತಿಳಿದೂ ಉಲ್ಲಂಘಿಸಿದವರಿಗೆ 6 ತಿಂಗಳಿಂದ 3 ವರ್ಷ ಜೈಲು, 50 ಸಾವಿರದಿಂದ 2 ಲಕ್ಷ ರೂ. ದಂಡವಿದೆ.

* 2023ರಲ್ಲಿ ತಿದ್ದುಪಡಿಯಾದ ಸಿನಿಮಾಟೋಗ್ರಾಫ್ ಕಾಯ್ದೆಯಲ್ಲಿ ಚಿತ್ರವನ್ನು ಅಕ್ರಮವಾಗಿ ರೆಕಾರ್ಡ್ ಮಾಡಿದರೆ ಅಥವಾ ಹರಿಬಿಟ್ಟರೆ 3 ತಿಂಗಳಿಂದ 3 ವರ್ಷ ಜೈಲು, ಕನಿಷ್ಠ 3 ಲಕ್ಷ ರೂ. ದಂಡ. ದಂಡ ಚಿತ್ರದ ಒಟ್ಟು ನಿರ್ಮಾಣ ವೆಚ್ಚದ ಶೇ. 5ರವರೆಗೂ ಏರಬಹುದು.

* ಕಾಪಿರೈಟ್ ಮಾಲೀಕರು ಲಿಖಿತ ದೂರು ಕೊಟ್ಟರೆ ತಾಣ 36 ಗಂಟೆಯೊಳಗೆ ಆ ಫೈಲ್ ತೆರೆಯದಂತೆ ಮಾಡಬೇಕು. 21 ದಿನಗಳಲ್ಲಿ ಕೋರ್ಟ್ ಆದೇಶ ಬಾರದಿದ್ದರೆ ಮತ್ತೆ ತೆರೆಯಬಹುದು.

* ತಾಣಕ್ಕೆ ತಡೆ ಬೀಳುವುದೂ ತಾಣ ಮುಚ್ಚುವುದೂ ಒಂದೇ ಅಲ್ಲ. ತಡೆಯಾದ ತಾಣದ ಸರ್ವರ್ ಬೇರೆ ದೇಶದಲ್ಲಿ ನಡೆಯುತ್ತಲೇ ಇರುತ್ತದೆ. ಮುಚ್ಚಿದ ತಾಣದಲ್ಲಿದ್ದ ನಿಮ್ಮ ಫೈಲ್ ಮರಳಿ ಸಿಗುವ ಖಾತ್ರಿಯಿಲ್ಲ. ಮುಖ್ಯವಾದ ಕಡತಗಳ ಒಂದು ಪ್ರತಿ ಸದಾ ನಿಮ್ಮ ಬಳಿಯೇ ಇರಲಿ.

* ಭಾರತದಲ್ಲಿ ಸಿನಿಮಾದ ಕಾಪಿರೈಟ್ ಅವಧಿ ಬಿಡುಗಡೆಯ ಮರುವರ್ಷದಿಂದ 60 ವರ್ಷ. ಆ ಲೆಕ್ಕದಲ್ಲಿ 1954ರ ‘ಬೇಡರ ಕಣ್ಣಪ್ಪ’ ಚಿತ್ರದ ಅವಧಿ 2014ರ ಕೊನೆಗೆ ಮುಗಿದಿದೆ. ಆದರೆ ಚಿತ್ರದೊಳಗಿನ ಹಾಡು, ಸಾಹಿತ್ಯದ ಹಕ್ಕುಗಳು ಪ್ರತ್ಯೇಕವಾಗಿ ಉಳಿದಿರಬಹುದು.

ಮೊಕದ್ದಮೆಗಳಿಂದ ಆದದ್ದೇನು?

ಸಂಗೀತ ಕಂಪನಿಗಳ ಹಾಗೂ ಸ್ಟುಡಿಯೋಗಳ ದೂರು ಸುಳ್ಳಲ್ಲ. ಬಿಡುಗಡೆಯ ದಿನವೇ ಚಿತ್ರ ಸೋರಿಕೆಯಾದರೆ ಸಣ್ಣ ಬಂಡವಾಳದ ನಿರ್ಮಾಪಕ ಚೇತರಿಸಿಕೊಳ್ಳುವುದು ಕಷ್ಟ. ಸಂಖ್ಯೆಯಲ್ಲಿ ಕಡಿಮೆ ಚಿತ್ರಮಂದಿರ ಸಿಗುವ ಕನ್ನಡ ಚಿತ್ರಗಳಿಗೆ ಆ ಏಟು ಇನ್ನೂ ಜೋರು. ಆದರೆ ಮೊಕದ್ದಮೆಗಳು ತಾಣಗಳನ್ನು ಮುಚ್ಚಿಸಿದಷ್ಟು ಸುಲಭವಾಗಿ ಜನರ ಅಭ್ಯಾಸವನ್ನು ಬದಲಿಸಲಿಲ್ಲ. ಅಭ್ಯಾಸ ಬದಲಾಗತೊಡಗಿದ್ದು 2003ರ ಏಪ್ರಿಲ್‌ನಲ್ಲಿ ಆಪಲ್ ಹಾಡೊಂದಕ್ಕೆ 99 ಸೆಂಟ್‌ನಂತೆ ಮಾರಲು ಶುರು ಮಾಡಿದಾಗ, ಪೈರೇಟ್ ಬೇ ಹುಟ್ಟಿದ ಸ್ವೀಡನ್ನಿನಲ್ಲೇ 2008ರಲ್ಲಿ ಸ್ಪಾಟಿಫೈ ಬಂದಾಗ.

ಮುಂಬೈ, ದೆಹಲಿ, ಹೈದರಾಬಾದ್‌ನಲ್ಲಿರುವ ಕನ್ನಡಿಗರಿಗೆ ಈ ಮಾತು ಸುಲಭವಾಗಿ ಅರ್ಥವಾಗುತ್ತದೆ. ಹೊಸ ಕನ್ನಡ ಚಿತ್ರ ಈಗ ಒಟಿಟಿಯಲ್ಲಿ ಸಿಕ್ಕರೆ ಅಕ್ರಮ ಲಿಂಕ್ ಹುಡುಕುವ ಅಗತ್ಯವಿಲ್ಲ. ಹಳೆಯ ಚಿತ್ರ, ಕ್ಯಾಸೆಟ್ ಕಾಲದ ಭಾವಗೀತೆ, ನಾಟಕಗಳ ಧ್ವನಿಮುದ್ರಣ ಹಣ ಕೊಟ್ಟರೂ ಸಿಗದಿದ್ದಾಗ ಮಾತ್ರ ಜನ ಅಡ್ಡದಾರಿಯತ್ತ ನೋಡುತ್ತಾರೆ. ಅವುಗಳ ಹಕ್ಕು ಹೊಂದಿರುವವರು ಅವನ್ನು ಸರಿಯಾದ ಬೆಲೆಗೆ ಹೊರತಂದರೆ, ಕೋರ್ಟ್ ಆದೇಶಕ್ಕಿಂತ ಹೆಚ್ಚು ಕೆಲಸ ಅದರಿಂದ ಆಗುತ್ತದೆ.